ಗಾಳದ ಹುಳಕ್ಕೆ ಅಗ್ಗದ ಮೆರುಗು

ಗರಿ, ನೂಲು ಸುತ್ತಿದ ನಕಲಿ ಹುಳದಿಂದ ಮೀನು ಹಿಡಿಯುವ ಹವ್ಯಾಸಕ್ಕೆ ವಿದೇಶಿ ರಾಳದ ಬಾಟಲಿಯೇ ಬೇಕೆಂದಿಲ್ಲ. ನಮ್ಮ ಪೇಟೆಗಳಲ್ಲಿ ಸಿಗುವ ಸಾಮಾನಿನಲ್ಲಿ ಯಾವುದು ಎಲ್ಲಿಗೆ ಸರಿ, ಯಾವುದು ಎಲ್ಲಿ ಕೈಕೊಡುತ್ತದೆ?

ಆಳಂದ ತಾಲ್ಲೂಕಿನ ಸರಸಂಬಾದ ಕಡೆಯಿಂದ ಯಾರಾದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಅಂಟು ಕೊಡ್ರಿ’ ಎಂದರೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ‘ಕಟಗಿಗೇನ್ರಿ, ಕಬ್ಬಣಕ್ಕೇನ್ರಿ?’ ಫ್ಲೈ, ಅಂದರೆ ನಕಲಿ ಹುಳ, ಕಟ್ಟುವವನಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟ. ಅವನ ಕೈಯಲ್ಲಿರುವುದು ಉಕ್ಕಿನ ಸಣ್ಣ ಗಾಳ. ಅದರ ಮೈಗೆ ಕೋಳಿಯ ಗರಿ, ಉಣ್ಣೆ, ಜರಿಯ ಎಳೆಗಳನ್ನು ಸೇರಿಸಿ ನೂಲು ಸುತ್ತಿರುತ್ತಾನೆ. ನೀರಿಗೆ ಬಿದ್ದಾಗ ಅದು ನೊಣದಂತೆಯೋ ಕಂಬಳಿಹುಳದಂತೆಯೋ ಮರಿಮೀನಿನಂತೆಯೋ ಕಾಣಬೇಕು. ಇಷ್ಟೆಲ್ಲವನ್ನೂ ಹಿಡಿದು ನಿಲ್ಲಿಸುವುದು ಗಾಳದ ಕಣ್ಣಿನ ಹತ್ತಿರ ಹಾಕಿದ ಕೊನೆಯ ಗಂಟು. ಆ ಗಂಟಿಗೆ ಕಾವಲು, ಮೇಲೆ ಹಚ್ಚಿದ ಒಂದು ಹನಿ ಮೆರುಗು.

ಆ ಹನಿ ಸಡಿಲಾದರೆ ಗಂಟೆಗಟ್ಟಲೆ ಕೂತು ಕಟ್ಟಿದ್ದು ನಾಲ್ಕು ಬಾರಿ ಬೀಸುವಷ್ಟರಲ್ಲಿ ಬಿಚ್ಚಿಹೋಗುತ್ತದೆ. ಮೀನಿನ ಹಲ್ಲು ನೂಲನ್ನು ಹರಿಯುತ್ತದೆ, ನೀರು ಒಳಗಿಳಿಯುತ್ತದೆ, ಗಾಳಕ್ಕೆ ತುಕ್ಕು ಹಿಡಿಯುತ್ತದೆ. ಹಾಗಾಗಿಯೇ ಈ ಹವ್ಯಾಸದವರು ಗರಿಯ ಬಗ್ಗೆ ಮಾತಾಡುವಷ್ಟೇ ಮೆರುಗಿನ ಬಗ್ಗೆಯೂ ಮಾತಾಡುತ್ತಾರೆ. ಫ್ಲೈಗೆಂದೇ ವಿದೇಶದಲ್ಲಿ ತಯಾರಾದ ರಾಳದ ಪುಟ್ಟ ಬಾಟಲಿ ಇಲ್ಲಿಗೆ ಬರುವ ಹೊತ್ತಿಗೆ ಸಾವಿರ ರೂಪಾಯಿ ದಾಟಿರುತ್ತದೆ. ಅಷ್ಟು ಕೊಡಬೇಕೇ? ಬಹುಪಾಲು ಕೆಲಸಕ್ಕೆ ಬೇಡ.

ಮಂಗಳೂರಿನಿಂದ ಕಾವೇರಿಯವರೆಗೆ

ಫ್ಲೈ ಬೀಸಿ ಮೀನು ಹಿಡಿಯುವುದು ನಮ್ಮ ಭೀಮಾ ತೀರದ ಪದ್ಧತಿಯಲ್ಲ. ಇಲ್ಲಿ ಮೀನುಗಾರಿಕೆ ಅಂಬಿಗರ, ಕೋಲಿ ಸಮಾಜದವರ ಹೊಟ್ಟೆಪಾಡು, ಸಾಧನ ಬಲೆ. ಗಾಳ ಹಾಕುವವರೂ ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸುತ್ತಾರೆ. ನಕಲಿ ಹುಳದ ಆಟ ಬಂದದ್ದು ಬ್ರಿಟಿಷರ ಜೊತೆಗೆ, ಅದೂ ಕರಾವಳಿ ಮತ್ತು ಹಳೆ ಮೈಸೂರಿನ ಕಡೆಯಿಂದ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ. ಭಾರತದ ನದಿಗಳಲ್ಲಿ ಗಾಳ ಹಾಕುವವರಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು.

ಆಮೇಲಿನ ಕಥೆಯೆಲ್ಲ ಕಾವೇರಿ, ಕಬಿನಿಯದು. ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಮೀನು ಹಿಡಿದದ್ದು ಇಂದಿಗೂ ಗಾಳದವರ ಬಾಯಲ್ಲಿದೆ. 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಪಡೆದು, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು ಬೆಳೆಸಿತು. ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ವಿಜ್ಞಾನದಲ್ಲಿ ‘ಟಾರ್ ರೆಮಾದೇವಿ’ ಎಂಬ ಗುರುತು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿ ತೀರಾ ಮೇಲಿನ ಸಾಲಿಗೆ ಸೇರಿತು.

ಮಹಶೀರ್ ನಮ್ಮ ಕಡೆಯ ಕನಸಲ್ಲ. ಆದರೆ ಕೆರೆ, ಹಳ್ಳಗಳಲ್ಲಿ ಮರಲ್ ಮೀನಿದೆ, ಜಿಲೇಬಿ ಮೀನಿದೆ. ಕಪ್ಪೆಯಂತೆ ಮೇಲೆ ತೇಲುವ ಹುಳಕ್ಕೆ ಮರಲ್ ನುಗ್ಗಿ ಬಂದು ಬಾಯಿ ಹಾಕುತ್ತದೆ. ಆ ಹಲ್ಲಿಗೆ ತಡೆಯುವ ಮೆರುಗು ಬೇಕು.

ಹೊರಗೆ ಹೋದ ಅರಗು

ಈಗ ಬಾಟಲಿಯಲ್ಲಿ ಬರುವ ಮೆರುಗಿಗೆ ಹಿಂದೆ ಇದ್ದದ್ದು ಸ್ಪಿರಿಟ್ ವಾರ್ನಿಷ್. ಇಂಗ್ಲೆಂಡಿನ ಫ್ಲೈ ಕಟ್ಟುವವರು ಹುಳದ ತಲೆಗೆ ಹಚ್ಚುತ್ತಿದ್ದ ಅದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಅರಗು ಲೋಕಕ್ಕೆ ಹೋದದ್ದೇ ಹೆಚ್ಚಾಗಿ ನಮ್ಮ ದೇಶದಿಂದ. ಮುತ್ತುಗ, ಬಾರಿ ಮುಂತಾದ ಮರಗಳ ರೆಂಬೆಗೆ ಅಂಟಿ ಬದುಕುವ ಪುಟ್ಟ ಕೀಟ ತನ್ನ ಮೈ ಮುಚ್ಚಿಕೊಳ್ಳಲು ಸ್ರವಿಸುವ ರಾಳ ಅದು. ಅದರ ಸಂಶೋಧನೆಗೆಂದೇ 1924ರಲ್ಲಿ ರಾಂಚಿಯ ನಾಮ್‌ಕುಮ್‌ನಲ್ಲಿ ಸಂಸ್ಥೆಯೊಂದು ಹುಟ್ಟಿತು. ಹಳೆಯ ಗ್ರಾಮಫೋನ್ ತಟ್ಟೆಗಳಿಗೂ ಇದೇ ಅರಗು ಬೇಕಿತ್ತು.

ಕನ್ನಡ ನಾಡಿಗೂ ಇದು ಹೊಸದಲ್ಲ. ನಮ್ಮ ಪತ್ತಾರರು ಬೋರಮಾಳದ ಟೊಳ್ಳು ಗುಂಡಿನೊಳಗೆ ತುಂಬುವುದು ಅರಗನ್ನೇ. ಕಲಘಟಗಿಯ ತೊಟ್ಟಿಲಿಗೆ ಬಣ್ಣ ಕೂರಿಸುವುದು ಅರಗಿನಿಂದ. ಚನ್ನಪಟ್ಟಣದಲ್ಲಿ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಹೆಸರೇ ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಶಾಯಿ ಕೊಡುತ್ತಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ.

ಅಂದರೆ ಹುಳದ ತಲೆಗೆ ಹಚ್ಚಲು ನಮ್ಮ ಬಳಿ ಮೊದಲಿನಿಂದಲೂ ವಸ್ತು ಇತ್ತು. ಇಂದಿಗೂ ಬಡಿಗರು ಮರಕ್ಕೆ ಪಾಲಿಷ್ ಮಾಡಲು ಕೊಳ್ಳುವ ಚಪಡಾ, ಅಂದರೆ ಹಾಳೆಯಂಥ ಅರಗಿನ ಚೂರು, ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಪಾಲು ಚಪಡಾಕ್ಕೆ ನಾಲ್ಕೈದು ಪಾಲು ಪಾಲಿಷ್ ಸ್ಪಿರಿಟ್ ಹಾಕಿ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟು ಆಗಾಗ ಅಲ್ಲಾಡಿಸಿದರೆ ರಾತ್ರಿ ಕಳೆಯುವುದರಲ್ಲಿ ಕರಗಿರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಹಚ್ಚಲು ಸಿದ್ಧ. ತೆಳ್ಳಗಿರುವುದರಿಂದ ನೂಲಿನ ಎಳೆಗಳ ನಡುವೆ ಇಳಿದು ಗಂಟನ್ನು ಒಳಗಿನಿಂದಲೇ ಹಿಡಿಯುತ್ತದೆ. ಇದು ಅರಗಿನ ದೊಡ್ಡ ಗುಣ. ದೋಷವೂ ಇದೆ. ಬಹಳ ಹೊತ್ತು ನೀರಿನಲ್ಲಿದ್ದರೆ ಬೆಳ್ಳಗಾಗುತ್ತದೆ, ಮಳೆಗಾಲದ ತೇವದಲ್ಲಿ ಹಚ್ಚಿದರೂ ಮಬ್ಬಾಗುತ್ತದೆ. ಕರಗಿಸಿಟ್ಟು ಆರೇಳು ತಿಂಗಳಾದ ಅರಗು ಒಣಗದೆ ಜಿಗುಟಾಗಿಯೇ ಉಳಿಯುತ್ತದೆ. ಹಾಗಾಗಿ ಸ್ವಲ್ಪವೇ ಕರಗಿಸಿ, ಸೀಸೆಯ ಮೇಲೆ ತಾರೀಖು ಬರೆದಿಡಬೇಕು.

ಫ್ಯಾನ್ಸಿ ಸ್ಟೋರಿನ ಉಗುರುಬಣ್ಣ

ಅರಗು ಕರಗಿಸುವ ಉಸಾಬರಿ ಬೇಡವೆನ್ನುವವರಿಗೆ ಬಣ್ಣವಿಲ್ಲದ ಉಗುರುಬಣ್ಣವಿದೆ. ಯಾವ ಊರಿನ ಫ್ಯಾನ್ಸಿ ಸ್ಟೋರಿನಲ್ಲೂ, ಜಾತ್ರೆಯ ಸಾಲಿನಲ್ಲೂ ಸಿಗುವ ಸಾಮಾನು. ಒಳಗಿರುವುದು ನೈಟ್ರೊಸೆಲ್ಯುಲೋಸ್ ಎಂಬ ವಸ್ತು, ಬೇಗ ಆರುವ ದ್ರಾವಣದಲ್ಲಿ ಕರಗಿರುತ್ತದೆ. ಅಮೆರಿಕದ ಫ್ಲೈ ಕಟ್ಟುವವರೂ ದಶಕಗಳಿಂದ ಇದನ್ನು ಬಳಸುತ್ತ ಬಂದಿದ್ದಾರೆ. ಮರದ ಪಾಲಿಷ್‌ನವರು ಬಳಸುವ ಎನ್‌ಸಿ ಲ್ಯಾಕರ್ ಕೂಡ ಇದೇ ಕುಲದ್ದು. ಡಬ್ಬಿ ದೊಡ್ಡದು, ಹನಿಯ ಲೆಕ್ಕದಲ್ಲಿ ಇನ್ನೂ ಅಗ್ಗ. ಒಬ್ಬರಿಗೆ ಹೆಚ್ಚಾದರೆ ನಾಲ್ಕು ಜನ ಹಂಚಿಕೊಳ್ಳಬಹುದು.

ಉಗುರುಬಣ್ಣವನ್ನು ಒಂದೇ ಸಲ ದಪ್ಪಗೆ ಹಚ್ಚಿದರೆ ಮೇಲೆ ಒಣಗಿ ಒಳಗೆ ಮೆತ್ತಗಿರುತ್ತದೆ. ಎರಡು–ಮೂರು ತೆಳು ಕೋಟು ಕೊಡಬೇಕು, ನಡುವೆ ಪೂರ್ತಿ ಒಣಗಲು ಬಿಡಬೇಕು. ಗಟ್ಟಿಯಾದ ಬಾಟಲಿಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಸುರಿಯಬೇಡಿ, ಮೆರುಗು ಕೆಡುತ್ತದೆ. ಎನ್‌ಸಿ ಥಿನ್ನರ್ ಒಂದೆರಡು ಹನಿ ಸಾಕು. ತೇಲುವ ಹುಳಕ್ಕೆ ಥರ್ಮೋಕೋಲಿನ ಮೈ ಮಾಡಿದ್ದರೆ ಅದರ ಮೇಲೆ ಇದು ಬೀಳಲೇಬಾರದು. ಥರ್ಮೋಕೋಲು ಕಣ್ಣೆದುರೇ ಕರಗಿ ಕುಸಿಯುತ್ತದೆ.

ಎರಡು ಟ್ಯೂಬಿನ ಎಪಾಕ್ಸಿ

ಮರಿಮೀನಿನಂಥ ಹುಳಕ್ಕೆ ಗಾಜಿನಂಥ ದಪ್ಪ ತಲೆ, ಒಳಗೆ ಕೂತ ಕಣ್ಣು ಬೇಕೆಂದರೆ ಎಪಾಕ್ಸಿ. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ 1946ರಲ್ಲಿ ಪೇಟೆಗೆ ತಂದ ಅರಾಲ್ಡೈಟ್ ನಮ್ಮಲ್ಲಿ ಎಪಾಕ್ಸಿಗೆ ಇನ್ನೊಂದು ಹೆಸರೇ ಆಗಿಹೋಗಿದೆ. 2020ರಲ್ಲಿ ಅದರ ಭಾರತದ ವ್ಯಾಪಾರ ಪಿಡಿಲೈಟ್ ಕೈಗೆ ಬಂತು. ರಾಳ, ಗಟ್ಟಿಕಾರಕ ಎರಡನ್ನೂ ಬೆರೆಸಿದಾಗ ನಡೆಯುವ ರಾಸಾಯನಿಕ ಕ್ರಿಯೆಯೇ ಅದನ್ನು ಗಟ್ಟಿ ಮಾಡುತ್ತದೆ. ಇಲ್ಲಿ ಏನೂ ಆವಿಯಾಗಿ ಹೋಗುವುದಿಲ್ಲ, ಹಾಗಾಗಿ ದಪ್ಪ ಕೋಟು ಒಂದೇ ಸಲಕ್ಕೆ ನಿಲ್ಲುತ್ತದೆ.

ಕೊಳ್ಳುವಾಗ ಮೂರು ಬಗೆ ಎದುರಾಗುತ್ತವೆ. ನಿಧಾನವಾಗಿ ಹಿಡಿಯುವ ಸಾಮಾನ್ಯ ಅರಾಲ್ಡೈಟ್ ಗಟ್ಟಿಮುಟ್ಟು, ಆದರೆ ಜೇನಿನ ಬಣ್ಣದ್ದು. ಐದು ನಿಮಿಷದ ಪಾರದರ್ಶಕ ಬಗೆ ಕಟ್ಟುವವರಿಗೆ ಅನುಕೂಲ, ಆದರೆ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಕೀ ಚೈನು, ಫೋಟೊ ಫ್ರೇಮು ಮಾಡುವವರು ಬಳಸುವ ಆರ್ಟ್ ರೆಸಿನ್ ಗ್ರಾಂ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ, ಸ್ವಚ್ಛ. ಆದರೆ ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ಎಂ-ಸೀಲ್ ಕೂಡ ಎಪಾಕ್ಸಿಯೇ. ಆದರೆ ಅದು ಹಿಟ್ಟು. ತಲೆಗೆ ಆಕಾರ, ಭಾರ ಕೊಡಲು ಸರಿ, ಮೆರುಗಿಗೆ ಅಲ್ಲ.

ಎಪಾಕ್ಸಿಯಲ್ಲಿ ದುಡ್ಡು ಹಾಳಾಗುವುದು ಬೆರೆಸುವಲ್ಲಿ. ಒಂದು ಹುಳಕ್ಕೆ ಬೇಕಾದದ್ದು ಒಂದು ಹನಿ; ಅಷ್ಟು ಕಡಿಮೆ ಬೆರೆಸಿದರೆ ಪ್ರಮಾಣ ತಪ್ಪುತ್ತದೆ, ಪ್ರಮಾಣ ತಪ್ಪಿದ ಎಪಾಕ್ಸಿ ಎಂದೂ ಒಣಗುವುದಿಲ್ಲ. ಮೊದಲು ಡಜನ್ ಹುಳ ಕಟ್ಟಿಟ್ಟುಕೊಳ್ಳಿ, ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜು ಎರಡು ತಂದು ಅಳೆದು ಬೆರೆಸಿ, ಒಂದೇ ಕೂತಿಗೆ ಎಲ್ಲಕ್ಕೂ ಹಚ್ಚಿ. ತೆಳುವಾಗಲೆಂದು ಸ್ಪಿರಿಟ್ ಸೇರಿಸುವವರಿದ್ದಾರೆ. ಹಾಗೆ ಮಾಡಿದರೆ ಸುಲಭವಾಗಿ ಹರಿಯುತ್ತದೆ ನಿಜ, ಗಟ್ಟಿತನ ಕಡಿಮೆಯಾಗುವುದೂ ನಿಜ.

ಕಲಬುರಗಿಯ ಬಿಸಿಲೇ ದೀಪ

ಇತ್ತೀಚಿನ ವರ್ಷಗಳಲ್ಲಿ ಎಪಾಕ್ಸಿಯ ಜಾಗಕ್ಕೆ ಬಂದದ್ದು ಯುವಿ ರೆಸಿನ್. ಒಂದೇ ಬಾಟಲಿ, ಬೆರೆಸುವ ಗೊಡವೆ ಇಲ್ಲ. ನೇರಳಾತೀತ ಬೆಳಕು ಬಿದ್ದಾಗ ಮಾತ್ರ ಗಟ್ಟಿಯಾಗುತ್ತದೆ. ಹಚ್ಚಿ, ತಿದ್ದಿ, ಸರಿಯೆನಿಸಿದ ಮೇಲೆ ಬೆಳಕು ಹಾಯಿಸಿದರಾಯಿತು. ಫ್ಲೈಗೆಂದು ಮಾರುವ ಸಾವಿರದ ಬಾಟಲಿಯಲ್ಲಿರುವುದೂ, ಕರಕುಶಲ ಸಾಮಾನಿನವರು ಆಭರಣಕ್ಕೆಂದು ಕೆಲವು ನೂರು ರೂಪಾಯಿಗೆ ಮಾರುವುದೂ ಒಂದೇ ಬಗೆಯ ಅಕ್ರಿಲೇಟ್ ರಾಳ. ಕೊಳ್ಳುವಾಗ ‘ಹಾರ್ಡ್ ಟೈಪ್’ ಎಂದು ಬರೆದದ್ದನ್ನೇ ಕೇಳಿ.

ಮೊಬೈಲ್ ಅಂಗಡಿಯಲ್ಲಿ ಗಾಜು ಅಂಟಿಸಲು ಬಳಸುವ ಯುವಿ ಗಮ್ ಇನ್ನೂ ಅಗ್ಗ. ಆದರೆ ಮುಂದೆ ಕಿತ್ತು ತೆಗೆಯಲು ಬರಬೇಕೆಂದು ಅದನ್ನು ಮೆತ್ತಗೆ ಮಾಡಿರುತ್ತಾರೆ, ಮರಲ್‌ನ ಹಲ್ಲಿಗೆ ಅದು ತಡೆಯುವುದಿಲ್ಲ. ಅದರ ಜೊತೆ ಬರುವ ಪುಟ್ಟ ಯುವಿ ದೀಪ ಮಾತ್ರ ಒಳ್ಳೆಯ ಸಾಮಾನು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದಾಗ ಅದೊಂದನ್ನು ತಂದಿಟ್ಟುಕೊಂಡರೆ ಬಹಳ ದಿನ ಬಾಳುತ್ತದೆ. ಬ್ಯೂಟಿ ಪಾರ್ಲರಿನ ಉಗುರು ಒಣಗಿಸುವ ದೀಪವೂ ನಡೆಯುತ್ತದೆ. ದೀಪವೇ ಬೇಡವೆಂದರೆ ನಮ್ಮ ಬಿಸಿಲಿದೆ. ಮಧ್ಯಾಹ್ನದ ಬಿಸಿಲಿಗೆ ಹಿಡಿದರೆ ತೆಳು ಕೋಟು ಕೆಲವೇ ನಿಮಿಷದಲ್ಲಿ ಗಟ್ಟಿ. ಅದೇ ಕಾರಣಕ್ಕೆ ಬಾಟಲಿಯನ್ನು ಕಿಟಕಿಯ ಹತ್ತಿರ ಇಡಬಾರದು, ಅಂಗಳದಲ್ಲಿ ಕೂತು ಹಚ್ಚಬಾರದು.

ಗಟ್ಟಿಯಾದ ಮೇಲೂ ಮೇಲ್ಮೈ ಬೆರಳಿಗೆ ಸ್ವಲ್ಪ ಅಂಟುತ್ತದೆ. ಗಾಳಿಯ ಆಮ್ಲಜನಕ ಮೇಲಿನ ತೆಳು ಪದರವನ್ನು ಪೂರ್ತಿ ಗಟ್ಟಿಯಾಗಲು ಬಿಡುವುದಿಲ್ಲ, ಅದಕ್ಕೆ ಹೀಗೆ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ, ಮೇಲೊಂದು ಕೋಟು ಉಗುರುಬಣ್ಣ ಕೊಟ್ಟರೆ ಹೊಳಪೂ ಬಂತು, ಅಂಟೂ ಹೋಯಿತು. ಕಪ್ಪು ಬಣ್ಣ ಬೆರೆಸಿದ ರಾಳದೊಳಗೆ ಬೆಳಕು ಇಳಿಯದು; ಅಂಥದ್ದನ್ನು ಪದರ ಪದರವಾಗಿ ಕೊಡಬೇಕು.

ಬಿಸಿಲು ಯುವಿ ರೆಸಿನ್‌ಗೆ ನೆಂಟನಾದರೆ ಎಪಾಕ್ಸಿಗೆ ಶತ್ರು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಎಪಾಕ್ಸಿ ಹಿಡಿಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೇ ತಿಂಗಳಲ್ಲಿ ಪಾರಾ ನಲವತ್ತು ದಾಟಿದಾಗ ಐದು ನಿಮಿಷದ ಎಪಾಕ್ಸಿ ಎರಡೇ ನಿಮಿಷಕ್ಕೆ ಕಡ್ಡಿಗೆ ಎಳೆಯೆಳೆಯಾಗಿ ಬರತೊಡಗುತ್ತದೆ. ಬೆಳಗಿನ ಜಾವ ಕೆಲಸ ಮುಗಿಸುವುದು ಮೇಲು. ಬೆರೆಸಿದ್ದನ್ನು ಬಟ್ಟಲಿನಲ್ಲಿ ಗುಡ್ಡೆ ಹಾಕಬೇಡಿ. ಗುಡ್ಡೆಯಾದರೆ ತನ್ನದೇ ಬಿಸಿಗೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಸ್ಟೀಲ್ ತಟ್ಟೆಯ ಮೇಲೆ ತೆಳ್ಳಗೆ ಹರಡಿ, ತಟ್ಟೆಯನ್ನು ತಣ್ಣೀರಿನ ಹರವಿಯ ಬಾಯಿಗೆ ಇಟ್ಟರೆ ಇನ್ನೊಂದೆರಡು ನಿಮಿಷ ಉಳಿಯುತ್ತದೆ.

ಹಚ್ಚಿದ ಎಪಾಕ್ಸಿ ಒಂದೇ ಕಡೆ ಇಳಿದು ಹೊಟ್ಟೆ ಬರದಂತೆ ಹುಳವನ್ನು ನಿಧಾನವಾಗಿ ತಿರುಗಿಸುತ್ತಿರಬೇಕು. ಇದಕ್ಕೆಂದು ಮಾರುವ ಯಂತ್ರಕ್ಕೆ ಸಾವಿರಗಟ್ಟಲೆ ಬೆಲೆ. ಏರ್ ಕೂಲರಿನ ರೆಕ್ಕೆಯನ್ನು ಅತ್ತಿತ್ತ ಆಡಿಸುವ ಸ್ವಿಂಗ್ ಮೋಟರ್ ನಿಮಿಷಕ್ಕೆ ಐದಾರು ಸುತ್ತು ತಿರುಗುತ್ತದೆ. ಈ ಕೆಲಸಕ್ಕೆ ಹೇಳಿ ಮಾಡಿಸಿದ ವೇಗ. ಬಿಡಿಭಾಗದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದರ ದಂಡಕ್ಕೆ ದಪ್ಪ ಫೋಮಿನ ತುಂಡು ಸಿಕ್ಕಿಸಿ, ಗಾಳಗಳನ್ನು ಸುತ್ತಲೂ ಚುಚ್ಚಿದರಾಯಿತು. ಮೋಟರಿಗೆ ಮನೆಯ 230 ವೋಲ್ಟ್ ವಿದ್ಯುತ್ತೇ ಬರುತ್ತದೆ, ಆದ್ದರಿಂದ ವೈರಿನ ಕೆಲಸವನ್ನು ತಿಳಿದವರ ಕೈಲಿ ಮಾಡಿಸಿ. ತೊಗರಿ ರಾಶಿಯ ದಿನಗಳಲ್ಲಂತೂ ಮೇಲೊಂದು ಡಬ್ಬಿ ಬೋರಲು ಹಾಕದಿದ್ದರೆ ಹೊಳಪಿನ ತುಂಬ ಹೊಟ್ಟಿನ ದೂಳು.

ಹಚ್ಚುವ ಬಗೆ

ಯಾವ ಮೆರುಗೇ ಆಗಲಿ, ಕುಂಚದಿಂದ ಬೇಡ. ಹೊಲಿಗೆ ಸೂಜಿಯನ್ನು ಕಡ್ಡಿಗೆ ಸಿಕ್ಕಿಸಿ, ಅದರ ತುದಿಯಲ್ಲಿ ಒಂದು ಹನಿ ಎತ್ತಿ ಗಂಟಿನ ಮೇಲಿಡಿ. ನೂಲಿನ ಬಣ್ಣ ಕಪ್ಪೇರಿತೆಂದರೆ ಮೆರುಗು ಒಳಗಿಳಿಯುತ್ತಿದೆ ಎಂದರ್ಥ. ಸೂಜಿಯಿಂದ ತಲೆಯ ಸುತ್ತ ಎಳೆದು ತನ್ನಿ, ಗರಿಯ ಬುಡಕ್ಕೆ ಬರುವ ಮುಂಚೆಯೇ ನಿಲ್ಲಿಸಿ. ಗರಿಗೆ ತಾಗಿದರೆ ಎಳೆಗಳೆಲ್ಲ ಕೂಡಿ ಕಡ್ಡಿಯಾಗುತ್ತವೆ. ಕೊನೆಗೆ ಒಣ ಗರಿಯ ದಂಟೊಂದನ್ನು ಗಾಳದ ಕಣ್ಣಿನೊಳಗೆ ತೂರಿ ಎಳೆಯಿರಿ. ಕಣ್ಣು ಮುಚ್ಚಿಹೋದರೆ ನದಿ ದಂಡೆಯಲ್ಲಿ ದಾರ ಪೋಣಿಸಲಾಗದೆ ಒದ್ದಾಡಬೇಕಾಗುತ್ತದೆ.

ಐದು–ಹತ್ತು ರೂಪಾಯಿಯ ಫೆವಿಕ್ವಿಕ್ ಎಲ್ಲರ ಕೈಗೆ ಮೊದಲು ಬರುವ ಸಾಮಾನು. ಗಾಳದ ಮೇಲೆ ಮೊದಲ ಸುತ್ತು ನೂಲು ಜಾರದಂತೆ ಕೂರಿಸಲು ಅದು ಚೆನ್ನ. ಮೇಲಿನ ಮೆರುಗಿಗೆ ಬೇಡ: ಒಣಗಿದ ಮೇಲೆ ಗಾಜಿನಂತೆ ಪೆಡಸು, ಬಗ್ಗಿದರೆ ಬಿರುಕು, ಸುತ್ತಲೂ ಬಿಳಿ ಮಂಜು. ಹತ್ತಿ, ಉಣ್ಣೆಗೆ ಹೆಚ್ಚು ಸುರಿದರೆ ಬೆರಳು ಸುಡುವಷ್ಟು ಬಿಸಿಯಾಗುತ್ತದೆ. ಸಾಮಾನ್ಯ ಫೆವಿಕಾಲ್ ನೀರಿನಲ್ಲಿ ಮೆತ್ತಗಾಗುತ್ತದೆ, ಅದನ್ನು ಮರೆತುಬಿಡಿ.

ಕೈಗೂ ಕಾನೂನಿಗೂ ಎಚ್ಚರ

ಎಪಾಕ್ಸಿಯ ಗಟ್ಟಿಕಾರಕ, ಗಟ್ಟಿಯಾಗದ ಯುವಿ ರಾಳ ಎರಡೂ ಚರ್ಮಕ್ಕೆ ಅಲರ್ಜಿ ತರುತ್ತವೆ. ಒಮ್ಮೆ ಹಿಡಿದ ಅಲರ್ಜಿ ಮತ್ತೆ ಬಿಡುವುದು ಅಪರೂಪ. ಔಷಧಿ ಅಂಗಡಿಯ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಪಾಲಿಷ್ ಸ್ಪಿರಿಟ್ ವಿಷ, ಲ್ಯಾಕರ್ ಮತ್ತು ಥಿನ್ನರ್ ಬೆಂಕಿಗೆ ಹತ್ತುವಂಥವು. ಮಕ್ಕಳ ಕೈಗೆ ಸಿಗದಂತೆ, ಒಲೆಯಿಂದ ದೂರ ಇಡಿ.

ಗರಿಯ ವಿಷಯದಲ್ಲಿ ಕಾನೂನು ನೆನಪಿರಲಿ. ಪಶ್ಚಿಮ ಘಟ್ಟದ ಬೂದು ಕಾಡುಕೋಳಿ ಹುಂಜದ ಕತ್ತಿನ ಗರಿಯಲ್ಲಿ ಮೇಣದ ಹನಿಯಂಥ ಹೊಳೆಯುವ ಚುಕ್ಕೆಗಳಿವೆ. ಆ ಚುಕ್ಕೆಗಾಗಿಯೇ ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಹುಳಗಳಿಗೆ ಲೆಕ್ಕವಿಲ್ಲದಷ್ಟು ಹುಂಜಗಳು ಬಲಿಯಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂದು ಅದನ್ನು ಬೇಟೆಯಾಡುವುದು, ಗರಿ ಮಾರುವುದು ಅಪರಾಧ. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಇದೆ, ರಫ್ತಿಗಿಲ್ಲ. ನಮ್ಮ ಜವಾರಿ ಕೋಳಿಯ ಕತ್ತಿನ ಗರಿಗೆ ಬಿಳಿ ಉಗುರುಬಣ್ಣದ ಒಂದು ಚುಕ್ಕೆ ಇಟ್ಟು, ಮೇಲೆ ಯುವಿ ರಾಳದ ಹನಿ ಕೊಟ್ಟರೆ ಮೀನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನು ಕೆರೆ, ಜಲಾಶಯಗಳಲ್ಲಿ ಗಾಳ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯ ಪರವಾನಗಿ ವಿಚಾರಿಸಿ. ಅಲ್ಲಿ ಮೀನು ಬಿಟ್ಟು ಬಲೆ ಹಾಕುವ ಕುಟುಂಬಗಳಿಗೆ ಅದೇ ಬದುಕು.

ಕೊನೆಗೆ ಏನು ಕೊಳ್ಳಬೇಕು?

ಹೊಸದಾಗಿ ಕಟ್ಟಲು ಕೂತವರು ಬಣ್ಣವಿಲ್ಲದ ಉಗುರುಬಣ್ಣ ಒಂದು, ಫೆವಿಕ್ವಿಕ್ ಟ್ಯೂಬು ಒಂದು ತಂದರೆ ಸಾಕು. ನೂರು ರೂಪಾಯಿಯ ಒಳಗೆ ಕೆಲಸ ಶುರುವಾಗುತ್ತದೆ. ಕೈ ಕುದುರಿ, ಮರಿಮೀನಿನ ಹುಳಕ್ಕೆ ಗಾಜಿನ ತಲೆ ಬೇಕೆನಿಸಿದಾಗ ಹಾರ್ಡ್ ಟೈಪ್ ಯುವಿ ರೆಸಿನ್ ತನ್ನಿ, ದೀಪ ಕೊಳ್ಳುವವರೆಗೆ ಬಿಸಿಲೇ ಸಾಕು. ಡಜನ್‌ಗಟ್ಟಲೆ ಕಟ್ಟುವವರಾದರೆ ಎಪಾಕ್ಸಿ ಲಾಭ. ಹಳೆಯ ಮಾದರಿಯ ಹುಳಕ್ಕೆ, ಒಣಹವೆಯ ದಿನಗಳಿಗೆ ಅರಗನ್ನು ಒಮ್ಮೆ ಕರಗಿಸಿ ನೋಡಿ. ಉಳಿದ ದುಡ್ಡನ್ನು ಗಾಳಕ್ಕೆ ಹಾಕಿ. ಮೆರುಗಿನಲ್ಲಿ ಉಳಿಸಬಹುದು, ಗಾಳದಲ್ಲಿ ಉಳಿಸಬಾರದು.